‘ಸಿಗಲಿಲ್ಲ’ ಎಂದರೆ ಇಲ್ಲ ಎಂದಲ್ಲ

ಪ್ರೋಗ್ರಾಮಿಂಗ್ ಕಲಿಯಲು ಹೊರಟ ವಿದ್ಯಾರ್ಥಿ ಮೊದಲ ದಿನ ಮಾಡುವುದು ಇಷ್ಟೇ. ಪೈಥಾನ್ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡುತ್ತಾನೆ, ಕಪ್ಪು ಪರದೆಯ ಕಿಟಕಿ ತೆರೆಯುತ್ತಾನೆ, ‘ಪೈಥಾನ್’ ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತಾನೆ. ಎಷ್ಟೋ ಸಲ ಪೈಥಾನ್ ಏಳುವುದೇ ಇಲ್ಲ. ಬದಲಿಗೆ ಒಂದು ಸಾಲು ಬಂದು ನಿಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ‘ಕಮಾಂಡ್ ನಾಟ್ ಫೌಂಡ್’. ವಿಂಡೋಸ್‌ನಲ್ಲಿ ಇನ್ನೂ ಉದ್ದ: ನೀವು ಬರೆದದ್ದು ಒಳಗಿನ ಕಮಾಂಡೂ ಅಲ್ಲ, ಹೊರಗಿನ ಕಮಾಂಡೂ ಅಲ್ಲ, ಓಡಿಸಬಹುದಾದ ಪ್ರೋಗ್ರಾಮೂ ಅಲ್ಲ ಎಂದು ಹೇಳುವ ಇಂಗ್ಲಿಷ್ ವಾಕ್ಯ.

ಇಲ್ಲಿ ಹೆಚ್ಚಿನವರು ಮಾಡುವುದು ಒಂದೇ, ಎಲ್ಲ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಆಮೇಲೂ ಅದೇ ಸಾಲು ಬರುತ್ತದೆ. ಕೆಲವರು ಗೆಳೆಯರನ್ನು ಕೇಳಿ ಹೇಗೋ ದಾಟಿಕೊಳ್ಳುತ್ತಾರೆ. ಕೇಳಲು ಯಾರೂ ಇಲ್ಲದವರು ಈ ವಿದ್ಯೆ ತಮಗೆ ಒಗ್ಗುವುದಲ್ಲ ಎಂದು ಕೈಬಿಡುತ್ತಾರೆ. ಬುದ್ಧಿಗೂ ಈ ಸಾಲಿಗೂ ಏನೇನೂ ಸಂಬಂಧವಿಲ್ಲ. ಪ್ರೋಗ್ರಾಂ ಡಿಸ್ಕ್‌ನಲ್ಲಿ ಸುಖವಾಗಿಯೇ ಇರುತ್ತದೆ. ಕಂಪ್ಯೂಟರ್ ಹುಡುಕಿದ ಜಾಗಗಳಲ್ಲಿ ಅದು ಸಿಗಲಿಲ್ಲ, ಅಷ್ಟೆ. ಎಲ್ಲೆಲ್ಲಿ ಹುಡುಕಿತು, ಯಾವ ಕ್ರಮದಲ್ಲಿ ಹುಡುಕಿತು ಎಂಬುದನ್ನು ತಿಳಿದವನಿಗೆ ಈ ದೋಷ ಕೆಲವು ನಿಮಿಷಗಳ ಕೆಲಸ. ತಿಳಿಯದವನಿಗೆ ಅದು ಗೋಡೆ. ಆ ತಿಳಿವಳಿಕೆ ಒಂದು ಅಂಕಣದಲ್ಲಿ ಹಿಡಿಸುವಷ್ಟೇ ಇದೆ ಎಂಬುದು ನನ್ನ ನಂಬಿಕೆ.

ಎಂಟರ್ ಒತ್ತಿದ ಮೇಲೆ

ಟರ್ಮಿನಲ್ ಕಿಟಕಿಯೊಳಗೆ ಕೂತು ನಮ್ಮ ಸಾಲನ್ನು ಓದುವ ಪ್ರೋಗ್ರಾಂ ಬೇರೆಯೇ ಇದೆ. ಅದರ ಹೆಸರು ಶೆಲ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬ್ಯಾಶ್, ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಝೆಡ್ ಶೆಲ್, ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಅಥವಾ ಪವರ್‌ಶೆಲ್.

ಲಿನಕ್ಸ್ ಯಂತ್ರದಲ್ಲಿ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಉಪಕರಣಕ್ಕಾಗಿ ‘ಗಿಟ್ ಸ್ಟೇಟಸ್’ ಎಂದು ಬರೆದು ಎಂಟರ್ ಒತ್ತಿದಿರಿ ಎನ್ನೋಣ. ಶೆಲ್ ಮೊದಲು ಆ ಸಾಲನ್ನು ಸ್ಪೇಸ್ ಇರುವಲ್ಲಿ ತುಂಡು ಮಾಡುತ್ತದೆ. ಮೊದಲ ತುಂಡು ಓಡಿಸಬೇಕಾದ ಪ್ರೋಗ್ರಾಂನ ಹೆಸರು. ಉಳಿದದ್ದನ್ನೆಲ್ಲ ಆ ಪ್ರೋಗ್ರಾಂನ ಕೈಗೆ ಹಾಗೆಯೇ ಕೊಟ್ಟುಬಿಡುತ್ತದೆ. ಇನ್ನು ‘ಗಿಟ್’ ಎಂದರೇನು ಎಂದು ತಿಳಿಯಬೇಕು. ಅದು ಬಳಕೆದಾರರೇ ಇಟ್ಟುಕೊಂಡ ಅಡ್ಡಹೆಸರೋ ಎಂದು ನೋಡುತ್ತದೆ. ಅಲ್ಲವಾದರೆ, ತನ್ನೊಳಗೇ ಇರುವ ಕಮಾಂಡೋ ಎಂದು ನೋಡುತ್ತದೆ. ಡೈರೆಕ್ಟರಿ, ಅಂದರೆ ಫೋಲ್ಡರ್ ಬದಲಿಸುವ ‘ಸಿಡಿ’ ಅಂಥ ಒಳಗಿನ ಕಮಾಂಡ್. ಅದು ಬೇರೆ ಪ್ರೋಗ್ರಾಂ ಆಗಿದ್ದರೆ ಕೆಲಸವೇ ಆಗುತ್ತಿರಲಿಲ್ಲ. ಏಕೆಂದರೆ ಲಿನಕ್ಸ್, ಮ್ಯಾಕ್ ಎರಡೂ ಅನುಸರಿಸುವ ಯುನಿಕ್ಸ್ ಮಾದರಿಯಲ್ಲಿ ಹೊಸದಾಗಿ ಹುಟ್ಟಿದ ಪ್ರೋಗ್ರಾಂ ತಾನಿರುವ ಡೈರೆಕ್ಟರಿಯನ್ನು ಬದಲಿಸಿಕೊಳ್ಳಬಹುದೇ ಹೊರತು ತನ್ನನ್ನು ಹುಟ್ಟಿಸಿದ ಶೆಲ್‌ನದನ್ನು ಬದಲಿಸಲಾಗದು.

‘ಗಿಟ್’ ಇದಾವುದೂ ಅಲ್ಲ. ಆಗ ಶೆಲ್ ಒಂದು ಪಟ್ಟಿಯನ್ನು ತೆಗೆಯುತ್ತದೆ. ಆ ಪಟ್ಟಿಯ ಹೆಸರು ಪಾತ್. ಅದರಲ್ಲಿ ಇರುವುದು ಡೈರೆಕ್ಟರಿಗಳ ಹೆಸರುಗಳು, ನಡುನಡುವೆ ಒಂದೊಂದು ಕೋಲನ್ ಚಿಹ್ನೆ. ‘/ಯುಎಸ್‌ಆರ್/ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್’ ಎಂಬಂತೆ. ಸಾಮಾನು ತರಲು ಪೇಟೆಗೆ ಕಳಿಸಿದವನ ಕೈಗೆ ಯಾವ ಯಾವ ಅಂಗಡಿಯಲ್ಲಿ, ಯಾವುದಾದ ಮೇಲೆ ಯಾವುದರಲ್ಲಿ ವಿಚಾರಿಸಬೇಕೆಂದು ಚೀಟಿ ಬರೆದುಕೊಟ್ಟ ಹಾಗೆ ಇದು. ಶೆಲ್ ಎಡದಿಂದ ಬಲಕ್ಕೆ ಒಂದೊಂದೇ ಡೈರೆಕ್ಟರಿಯನ್ನು ನೋಡುತ್ತ ಹೋಗುತ್ತದೆ. ‘ಗಿಟ್’ ಹೆಸರಿನ, ಓಡಿಸಲು ಅನುಮತಿ ಇರುವ ಫೈಲ್ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಿ ಅದನ್ನು ಓಡಿಸುತ್ತದೆ. ಮುಂದಿನ ಡೈರೆಕ್ಟರಿಯಲ್ಲಿ ಅದೇ ಹೆಸರಿನ ಇನ್ನೊಂದು, ಇನ್ನೂ ಹೊಸದಾದ ಗಿಟ್ ಇದ್ದರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಪಟ್ಟಿ ಮುಗಿದರೂ ಸಿಗದಿದ್ದರೆ ‘ಕಮಾಂಡ್ ನಾಟ್ ಫೌಂಡ್’. ಡಿಸ್ಕ್‌ನ ಮೂಲೆಮೂಲೆಯನ್ನೂ ತಡಕಾಡುವ ಅಭ್ಯಾಸ ಶೆಲ್‌ಗೆ ಇಲ್ಲ. ಹಾಗೆ ತಡಕಾಡಿದರೆ ಪ್ರತಿ ಕಮಾಂಡಿಗೂ ಕಾಯುತ್ತ ಕೂರಬೇಕಾಗುತ್ತಿತ್ತು.

ಈ ಚೀಟಿಯನ್ನು ಯಾರು ಬೇಕಾದರೂ ನೋಡಬಹುದು. ‘ಎಕೋ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಡಾಲರ್ ಚಿಹ್ನೆ ಹಾಕಿ ಅದರ ಬೆನ್ನಿಗೇ ದೊಡ್ಡಕ್ಷರಗಳಲ್ಲಿ ಪಾತ್ ಎಂದು ಬರೆದು ಎಂಟರ್ ಒತ್ತಿದರೆ ಇಡೀ ಪಟ್ಟಿ ಪರದೆಯ ಮೇಲೆ ಬರುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರೀ ‘ಪಾತ್’ ಎಂದರೆ ಸಾಕು. ಟರ್ಮಿನಲ್ ಕಲಿಯುವವರು ಮೊದಲ ವಾರದಲ್ಲೇ ಇದನ್ನು ಒಮ್ಮೆ ಮಾಡಿ, ಬಂದ ಪಟ್ಟಿಯನ್ನು ಸಾವಧಾನವಾಗಿ ಓದಬೇಕು.

ಪಟ್ಟಿ ಬಂದ ಬಗೆ

ಈ ವ್ಯವಸ್ಥೆಗೆ ಅರ್ಧ ಶತಮಾನದ ಹಿನ್ನೆಲೆ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಕೆಲಸ ಶುರುಮಾಡಿದರು. ಓಡಿಸುವ ಪ್ರೋಗ್ರಾಂಗಳಿಗೆ ‘ಬಿನ್’ ಎಂಬ ಡೈರೆಕ್ಟರಿ ಇತ್ತು. ಆಗಿನ ಡಿಸ್ಕ್‌ಗಳು ತೀರ ಚಿಕ್ಕವು. ಮೊದಲ ಡಿಸ್ಕ್ ಭರ್ತಿಯಾದಾಗ ಹೊಸ ಪ್ರೋಗ್ರಾಂಗಳು ಬಳಕೆದಾರರ ಫೈಲ್‌ಗಳಿದ್ದ ಎರಡನೆಯ ಡಿಸ್ಕ್‌ಗೆ, ಅಂದರೆ ‘ಯುಎಸ್‌ಆರ್’ ಕೆಳಗಿನ ಇನ್ನೊಂದು ‘ಬಿನ್’ಗೆ ಹೋದವು. ಇಂದಿನ ಲಿನಕ್ಸ್‌ನಲ್ಲಿ ಕಾಣುವ ಎರಡು ‘ಬಿನ್’ಗಳ ಮೂಲ ಅದು. ಈಚಿನ ವರ್ಷಗಳಲ್ಲಿ ಫೆಡೋರಾ, ಉಬುಂಟು, ಡೆಬಿಯನ್ ಎಲ್ಲವೂ ಇವೆರಡನ್ನು ಮತ್ತೆ ಒಂದುಮಾಡಿವೆ.

ಮೊದಮೊದಲ ಶೆಲ್‌ಗೆ ಎಲ್ಲಿ ಹುಡುಕಬೇಕೆಂಬುದು ಅದರ ಕೋಡ್‌ನೊಳಗೇ ಬರೆದಿತ್ತು. ಬಳಕೆದಾರ ಬದಲಿಸುವಂತಿರಲಿಲ್ಲ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನೊಂದಿಗೆ ಸ್ಟೀಫನ್ ಬೋರ್ನ್ ಬರೆದ ಶೆಲ್ ಬಂತು. ಇಂದು ನಾವು ಬಳಸುವ ರೂಪದ ಪಾತ್ ಅದರೊಂದಿಗೆ ಹರಡಿತು. ಪ್ರೋಗ್ರಾಂನ ಹೊಟ್ಟೆಯಲ್ಲಿ ಅಡಗಿದ್ದ ಪಟ್ಟಿ ಹೊರಗೆ ಬಂದು ಪ್ರತಿಯೊಬ್ಬ ಬಳಕೆದಾರನ ಕೈಗೆ ಸಿಕ್ಕಿತು. ಇದು ಚಿಕ್ಕ ಬದಲಾವಣೆಯಂತೆ ಕಂಡರೂ ಅಧಿಕಾರದ ಹಸ್ತಾಂತರ. ನನ್ನ ಯಂತ್ರ ಯಾವ ಉಪಕರಣವನ್ನು ಮೊದಲು ಆರಿಸಬೇಕು ಎಂಬುದನ್ನು ಅಂದಿನಿಂದ ನಾನೇ ಹೇಳಬಹುದಾಯಿತು.

ಎರಡು ಇದ್ದಾಗ ಯಾವುದು?

ಸಿಗದೇ ಇರುವುದಕ್ಕಿಂತ ಹೆಚ್ಚು ಕಾಡುವ ತೊಂದರೆ ಬೇರೊಂದಿದೆ. ಸಿಗುತ್ತದೆ, ಆದರೆ ನಮಗೆ ಬೇಕಾದದ್ದಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಸಿಸ್ಟಮ್ ಜೊತೆಗೆ ಬಂದ ಪೈಥಾನ್ ಒಂದು, ನಾವು ಹಾಕಿಕೊಂಡದ್ದು ಇನ್ನೊಂದು, ಅನಕೊಂಡಾ ಎಂಬ ಪೈಥಾನ್ ಕಟ್ಟು ತಂದದ್ದು ಮತ್ತೊಂದು ಇರುವುದು ಸಾಮಾನ್ಯ. ಒಂದರಲ್ಲಿ ನಮ್‌ಪೈ ಎಂಬ ಲೈಬ್ರರಿ ಹಾಕಿ ಇನ್ನೊಂದನ್ನು ಓಡಿಸಿದರೆ ‘ಮಾಡ್ಯೂಲ್ ಇಲ್ಲ’ ಎಂಬ ದೂರು ಬರುತ್ತದೆ. ಆಗ ಕೇಳಬೇಕಾದ ಪ್ರಶ್ನೆ: ನಾನು ‘ಪೈಥಾನ್’ ಎಂದಾಗ ನಿಜಕ್ಕೂ ಓಡುತ್ತಿರುವ ಫೈಲ್ ಎಲ್ಲಿದೆ?

ಉತ್ತರ ಕೊಡುವ ಕಮಾಂಡ್‌ಗಳು ಇವೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ವಿಚ್’ ಎಂದು ಬರೆದು ಮುಂದೆ ಪ್ರೋಗ್ರಾಂನ ಹೆಸರು ಕೊಟ್ಟರೆ ಫೈಲ್‌ನ ಪೂರ್ಣ ವಿಳಾಸ ಬರುತ್ತದೆ. ನಡುವೆ ಅಡ್ಡಗೆರೆ ಹಾಗೂ ‘ಎ’ ಅಕ್ಷರ ಸೇರಿಸಿದರೆ ಪಟ್ಟಿಯಲ್ಲಿ ಆ ಹೆಸರಿನವು ಎಷ್ಟಿವೆಯೋ ಅಷ್ಟೂ ಸಾಲಾಗಿ ಬರುತ್ತವೆ. ಬ್ಯಾಶ್‌ನಲ್ಲಿ ‘ಟೈಪ್’ ಇನ್ನೂ ಒಳ್ಳೆಯದು. ‘ವಿಚ್’ ಅಲ್ಲಿ ಶೆಲ್‌ನ ಹೊರಗಿನ ಪ್ರೋಗ್ರಾಂ ಆದ್ದರಿಂದ ಅಡ್ಡಹೆಸರುಗಳು ಅದಕ್ಕೆ ಗೊತ್ತಿರುವುದಿಲ್ಲ. ‘ಟೈಪ್’ ಶೆಲ್‌ನದೇ ಮಾತು, ಅದು ಎಲ್ಲವನ್ನೂ ತಿಳಿದು ಹೇಳುತ್ತದೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’, ಪವರ್‌ಶೆಲ್‌ನಲ್ಲಿ ‘ಗೆಟ್-ಕಮಾಂಡ್’ ಇದೇ ಕೆಲಸ ಮಾಡುತ್ತವೆ. ಪವರ್‌ಶೆಲ್‌ನಲ್ಲಿ ಬರೀ ‘ವೇರ್’ ಎಂದರೆ ಅರ್ಥವೇ ಬೇರೆ, ಅದು ಸಾಲುಗಳನ್ನು ಸೋಸುವ ಕಮಾಂಡ್‌ನ ಅಡ್ಡಹೆಸರು. ಏನೂ ಬರದೆ ಖಾಲಿ ಉಳಿದರೆ ಗಾಬರಿಯಾಗಬೇಕಿಲ್ಲ.

ಬ್ಯಾಶ್‌ನ ಒಂದು ನೆನಪಿನ ಗುಣವನ್ನೂ ತಿಳಿದಿರಬೇಕು. ಒಮ್ಮೆ ಸಿಕ್ಕ ಪ್ರೋಗ್ರಾಂನ ವಿಳಾಸವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲವೂ ಹುಡುಕುವ ಶ್ರಮ ಉಳಿಯಲಿ ಎಂದು. ಹಳೆಯ ಜಾಗದಿಂದ ಅದನ್ನು ತೆಗೆದು ಹೊಸ ಜಾಗದಲ್ಲಿ ಹಾಕಿದರೆ, ತೆರೆದೇ ಇದ್ದ ಕಿಟಕಿಯಲ್ಲಿ ಶೆಲ್ ಹಳೆಯ ವಿಳಾಸಕ್ಕೇ ಹೋಗಿ ಫೈಲ್ ಇಲ್ಲ ಎನ್ನುತ್ತದೆ. ‘ಹ್ಯಾಶ್’ ಕಮಾಂಡಿಗೆ ಅಡ್ಡಗೆರೆ, ‘ಆರ್’ ಸೇರಿಸಿ ಕೊಟ್ಟರೆ ಆ ನೆನಪು ಅಳಿಯುತ್ತದೆ.

ವಿಂಡೋಸ್‌ನಲ್ಲಿ

ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು ವಿಂಡೋಸ್ ಲ್ಯಾಪ್‌ಟಾಪ್. ಅದರಲ್ಲಿ ಪಟ್ಟಿಯ ಹೆಸರುಗಳ ನಡುವೆ ಕೋಲನ್ ಬದಲು ಸೆಮಿಕೋಲನ್ ಇರುತ್ತದೆ. ಕೋಲನ್ ಆಗಲೇ ಸಿ ಡ್ರೈವ್, ಡಿ ಡ್ರೈವ್‌ಗಳ ಹೆಸರಿಗೆ ಖರ್ಚಾಗಿದೆ. ಕಮಾಂಡ್ ಪ್ರಾಂಪ್ಟ್ ಮೊದಲು ನಾವಿರುವ ಫೋಲ್ಡರ್‌ನಲ್ಲೇ ನೋಡುತ್ತದೆ, ಆಮೇಲೆ ಪಾತ್‌ಗೆ ಹೋಗುತ್ತದೆ. ನಾವು ‘ಪೈಥಾನ್’ ಎಂದಷ್ಟೇ ಬರೆದರೂ ಅದು ‘ಪೈಥಾನ್ ಡಾಟ್ ಇಎಕ್ಸ್‌ಇ’ ಎಂದು ಅರ್ಥ ಮಾಡಿಕೊಳ್ಳುವುದಕ್ಕೆ ಇನ್ನೊಂದು ಪಟ್ಟಿ ಇದೆ, ಪಾತ್‌ಎಕ್ಸ್‌ಟಿ. ಹೆಸರಿನ ಕೊನೆಗೆ ಯಾವ ಯಾವ ಬಾಲ ಹಚ್ಚಿ ನೋಡಬೇಕು ಎಂಬುದು ಅದರಲ್ಲಿದೆ.

ಪೈಥಾನ್ ಸಿಗದಿರಲು ಇಲ್ಲಿ ಮುಖ್ಯವಾಗಿ ಮೂರು ಕಾರಣ. ಮೊದಲನೆಯದು, ಬಹುಕಾಲದಿಂದ ಬಳಕೆಯಲ್ಲಿರುವ ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪುಟದ ತಳದಲ್ಲಿ ಪಾತ್‌ಗೆ ಸೇರಿಸಲೇ ಎಂದು ಕೇಳುವ ಪುಟ್ಟ ಚೌಕವಿದೆ. ಅದಕ್ಕೆ ತಾನಾಗಿ ಟಿಕ್ ಬಿದ್ದಿರುವುದಿಲ್ಲ. ನೋಡದೆ ಮುಂದೆ ಹೋದರೆ ಪೈಥಾನ್ ಡಿಸ್ಕ್‌ಗೆ ಬರುತ್ತದೆ, ಪಟ್ಟಿಗೆ ಬರುವುದಿಲ್ಲ. ಎರಡನೆಯದು, ವಿಂಡೋಸ್ 10ರ 2019ರ ಆವೃತ್ತಿಯಿಂದ ‘ಪೈಥಾನ್’ ಎಂಬ ಹೆಸರಿನ ಒಂದು ಪೊಳ್ಳು ಫೈಲ್ ಮೊದಲೇ ಇರುತ್ತದೆ. ಅದು ಓಡಿದರೆ ತೆರೆದುಕೊಳ್ಳುವುದು ಮೈಕ್ರೋಸಾಫ್ಟ್ ಸ್ಟೋರ್. ಸೆಟ್ಟಿಂಗ್ಸ್‌ನ ಆಪ್ ವಿಭಾಗದಲ್ಲಿ ‘ಆಪ್ ಎಕ್ಸಿಕ್ಯೂಷನ್ ಅಲಿಯಾಸ್’ ಎಂಬಲ್ಲಿ ಹೋಗಿ ಅದನ್ನು ಆಫ್ ಮಾಡಬಹುದು.

ಮೂರನೆಯ ಕಾರಣ ಎಲ್ಲರನ್ನೂ ಒಮ್ಮೆಯಾದರೂ ಸುಸ್ತು ಮಾಡುತ್ತದೆ. ಪಾತ್ ಸರಿಪಡಿಸಿ ಅದೇ ಹಳೆಯ ಕಿಟಕಿಗೆ ಮರಳಿ ಕಮಾಂಡ್ ಕೊಡುತ್ತೇವೆ. ಮತ್ತೆ ಅದೇ ದೋಷ. ಪ್ರತಿ ಪ್ರೋಗ್ರಾಂ ತಾನು ಹುಟ್ಟುವಾಗ, ತನ್ನನ್ನು ಹುಟ್ಟಿಸಿದ ಪ್ರೋಗ್ರಾಂನಿಂದ ಪಾತ್‌ನ ಒಂದು ಪ್ರತಿಯನ್ನು ಪಡೆದಿರುತ್ತದೆ. ಆಮೇಲೆ ಮೂಲ ಪಟ್ಟಿ ಬದಲಾದರೆ ಆ ಪ್ರತಿ ಬದಲಾಗುವುದಿಲ್ಲ. ಕಿಟಕಿ ಮುಚ್ಚಿ ಹೊಸದು ತೆರೆಯಬೇಕು. ವಿಎಸ್ ಕೋಡ್ ಎಡಿಟರ್‌ನೊಳಗಿನ ಟರ್ಮಿನಲ್ ಬಳಸುವವರು ಒಳಗಿನ ಟರ್ಮಿನಲ್ ಮಾತ್ರ ಮುಚ್ಚಿದರೆ ಸಾಲದು, ವಿಎಸ್ ಕೋಡ್ ಅನ್ನೇ ಮುಚ್ಚಿ ತೆರೆಯಬೇಕಾಗುತ್ತದೆ. ಟರ್ಮಿನಲ್‌ಗೆ ಪಟ್ಟಿ ಸಿಗುವುದು ಅದರಿಂದ ತಾನೇ.

ಪಾತ್ ತಿದ್ದಲು ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಹುಡುಕಿದರೆ ಬರುವ ಕಿಟಕಿಯೇ ಸುರಕ್ಷಿತ. ‘ಸೆಟ್‌ಎಕ್ಸ್’ ಎಂಬ ಕಮಾಂಡ್ ಬಳಸಿ ಇರುವ ಪಾತ್‌ಗೆ ಹೊಸದನ್ನು ಜೋಡಿಸಿ ಎಂಬ ಸಲಹೆ ಹಲವು ಕಡೆ ಇದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಆ ಕಮಾಂಡ್ 1024 ಅಕ್ಷರಗಳಾಚೆ ಇರುವುದನ್ನು ಕತ್ತರಿಸಿ ಬಿಸಾಡುತ್ತದೆ. ಉದ್ದದ ಪಟ್ಟಿ ಇದ್ದ ಯಂತ್ರದಲ್ಲಿ ಒಂದು ಉಪಕರಣ ಸೇರಿಸಲು ಹೋಗಿ ಇನ್ನು ಹತ್ತನ್ನು ಕಳೆದುಕೊಳ್ಳುವ ಪಾಡು ಅದು.

ಮ್ಯಾಕ್‌ನ ಬೇರೆ ದಾರಿ

ಮ್ಯಾಕ್‌ನಲ್ಲಿ ಡೆವಲಪರ್ ಉಪಕರಣಗಳ ಕಥೆಗೆ ಒಂದು ತಿರುವಿದೆ. ಹೊಸ ಮ್ಯಾಕ್‌ನಲ್ಲಿ ‘ವಿಚ್ ಗಿಟ್’ ಎಂದು ಕೇಳಿದರೆ ‘/ಯುಎಸ್‌ಆರ್/ಬಿನ್/ಗಿಟ್’ ಎಂಬ ಉತ್ತರ ಬರುತ್ತದೆ. ಇದೆಯಲ್ಲ ಎಂದುಕೊಂಡು ಗಿಟ್ ಓಡಿಸಿದರೆ, ಕಮಾಂಡ್ ಲೈನ್ ಡೆವಲಪರ್ ಟೂಲ್ಸ್ ಬೇಕು, ಇನ್‌ಸ್ಟಾಲ್ ಮಾಡಲೇ ಎಂದು ಒಂದು ಪೆಟ್ಟಿಗೆ ಪರದೆಯ ಮೇಲೆ ಏಳುತ್ತದೆ. ಅಲ್ಲಿದ್ದ ಫೈಲ್ ಅಸಲಿ ಗಿಟ್ ಆಗಿರಲಿಲ್ಲ. ಅಸಲಿಯನ್ನು ಹುಡುಕಿ ಕೆಲಸ ಒಪ್ಪಿಸುವ ದಲ್ಲಾಳಿ ಫೈಲ್ ಅದು. ಸಿ ಭಾಷೆಯ ಕಂಪೈಲರ್ ಆದ ಕ್ಲ್ಯಾಂಗ್, ಮೇಕ್ ಮುಂತಾದವುಗಳದ್ದೂ ಇದೇ ವ್ಯವಸ್ಥೆ.

ಅಸಲಿಗಳು ಎರಡು ಕಡೆ ಇರಬಹುದು. ಒಂದು, ಹಲವು ಗಿಗಾಬೈಟ್ ತೂಗುವ ಎಕ್ಸ್‌ಕೋಡ್ ಎಂಬ ಪೂರ್ಣ ಆಪ್‌ನ ಒಳಗೆ. ಇನ್ನೊಂದು, ಲೈಬ್ರರಿ ಫೋಲ್ಡರ್‌ನ ಡೆವಲಪರ್ ವಿಭಾಗದಲ್ಲಿ ಕೂರುವ ಚಿಕ್ಕ ಕಮಾಂಡ್ ಲೈನ್ ಟೂಲ್ಸ್ ಕಟ್ಟಿನಲ್ಲಿ. ಐಫೋನ್ ಆಪ್ ಬರೆಯದವರಿಗೆ ಎರಡನೆಯದೇ ಸಾಕು. 2013ರ ಮ್ಯಾವರಿಕ್ಸ್ ಆವೃತ್ತಿಯಿಂದ ‘ಎಕ್ಸ್‌ಕೋಡ್-ಸೆಲೆಕ್ಟ್’ ಎಂಬ ಕಮಾಂಡಿಗೆ ಎರಡು ಅಡ್ಡಗೆರೆ ಮತ್ತು ‘ಇನ್‌ಸ್ಟಾಲ್’ ಸೇರಿಸಿ ಕೊಟ್ಟರೆ ಅದು ಬರುತ್ತದೆ. ಅದೇ ಕಮಾಂಡಿಗೆ ಎರಡು ಅಡ್ಡಗೆರೆ ಮತ್ತು ‘ಪ್ರಿಂಟ್-ಪಾತ್’ ಎಂದು ಕೊಟ್ಟರೆ ಈಗ ಯಾವ ಕಟ್ಟು ಬಳಕೆಯಲ್ಲಿದೆ ಎಂದು ಹೇಳುತ್ತದೆ. ‘ಎಕ್ಸ್‌ಸಿರನ್’ ಕಮಾಂಡಿಗೆ ಎರಡು ಅಡ್ಡಗೆರೆ ಮತ್ತು ‘ಫೈಂಡ್ ಕ್ಲ್ಯಾಂಗ್’ ಎಂದರೆ ದಲ್ಲಾಳಿಯ ಹಿಂದಿರುವ ಅಸಲಿ ಫೈಲ್‌ನ ವಿಳಾಸ ಸಿಗುತ್ತದೆ. ಮ್ಯಾಕ್ ಒಎಸ್ ಮೇಲ್ದರ್ಜೆಗೆ ಏರಿಸಿದ ಮರುದಿನ ಗಿಟ್ ಓಡದೆ, ಡೆವಲಪರ್ ಪಾತ್ ಸರಿಯಿಲ್ಲ ಎಂಬ ದೂರು ಬಂದರೆ, ಈ ಕಟ್ಟು ಕಳೆದುಹೋಗಿದೆ ಎಂದೇ ಸಾಮಾನ್ಯವಾಗಿ ಅರ್ಥ. ಮತ್ತೆ ಹಾಕಿಕೊಂಡರೆ ಮುಗಿಯಿತು.

ಹೋಮ್‌ಬ್ರೂ ಬಳಸುವವರಿಗೆ ಇನ್ನೊಂದು ಮಾತು. 2009ರಿಂದ ಇರುವ ಈ ಪ್ಯಾಕೇಜ್ ಮ್ಯಾನೇಜರ್ ಇಂಟೆಲ್ ಮ್ಯಾಕ್‌ಗಳಲ್ಲಿ ‘/ಯುಎಸ್‌ಆರ್/ಲೋಕಲ್’ ಕೆಳಗೆ ಕೂರುತ್ತದೆ, ಆಪಲ್‌ನ ಎಂ ಸರಣಿಯ ಚಿಪ್ ಇರುವವುಗಳಲ್ಲಿ ‘/ಆಪ್ಟ್/ಹೋಮ್‌ಬ್ರೂ’ ಕೆಳಗೆ. ಎರಡನೆಯದು ಪಾತ್‌ನಲ್ಲಿ ತಾನಾಗಿ ಇರುವುದಿಲ್ಲ. ಇನ್‌ಸ್ಟಾಲ್ ಮುಗಿದಾಗ ಕೊನೆಯಲ್ಲಿ ‘ಮುಂದಿನ ಹೆಜ್ಜೆಗಳು’ ಎಂದು ಬರುವ ಸಾಲುಗಳನ್ನು ಓದದೆ ಕಿಟಕಿ ಮುಚ್ಚಿದವರಿಗೆ ‘ಬ್ರೂ’ ಸಿಗದೆ ಹೋಗಬಹುದು.

ಸಿಕ್ಕಿತು, ಓಡಲಿಲ್ಲ

ಪ್ರತಿ ಕಮಾಂಡ್ ಮುಗಿದಾಗಲೂ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ. ಎಲ್ಲ ಸುಸೂತ್ರವಾದರೆ 0. ಬ್ಯಾಶ್‌ನಲ್ಲಿ ‘ಎಕೋ’, ಸ್ಪೇಸ್, ಡಾಲರ್ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ ಬರೆದರೆ ಕಳೆದ ಕಮಾಂಡ್‌ನ ಸಂಖ್ಯೆ ಕಾಣುತ್ತದೆ. ಅದು 127 ಆಗಿದ್ದರೆ ಕಮಾಂಡ್ ಸಿಗಲಿಲ್ಲ. 126 ಆಗಿದ್ದರೆ ಸಿಕ್ಕಿದೆ, ಓಡಿಸಲಾಗಲಿಲ್ಲ. ಎರಡರ ಚಿಕಿತ್ಸೆ ಬೇರೆ ಬೇರೆ. 127 ಬಂದರೆ ಪಾತ್ ನೋಡಬೇಕು, ಕಾಗುಣಿತ ನೋಡಬೇಕು. 126 ಬಂದರೆ ಮೊದಲು ಫೈಲ್‌ನ ಅನುಮತಿ ನೋಡಬೇಕು. ಯುನಿಕ್ಸ್ ಕುಟುಂಬದಲ್ಲಿ ಓದುವ, ಬರೆಯುವ, ಓಡಿಸುವ ಅನುಮತಿಗಳು ಬೇರೆ ಬೇರೆಯಾಗಿವೆ. ನಾವೇ ಬರೆದ ಸ್ಕ್ರಿಪ್ಟಿಗೆ ಮೂರನೆಯದು ಹುಟ್ಟಿನಿಂದ ಇರುವುದಿಲ್ಲ. ‘ಸಿಎಚ್‌ಮಾಡ್’ ಕಮಾಂಡಿನಿಂದ ಕೊಡಬೇಕು.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹ್ಯಾಶ್ ಚಿಹ್ನೆ, ಆಶ್ಚರ್ಯ ಚಿಹ್ನೆ, ಮುಂದೆ ಒಂದು ವಿಳಾಸ ಇರುತ್ತದೆ. ಈ ಫೈಲನ್ನು ಓದಿ ನಡೆಸಬೇಕಾದವರು ಯಾರು ಎಂದು ಅದು ಹೇಳುತ್ತದೆ. 1980ರಲ್ಲಿ ಡೆನಿಸ್ ರಿಚಿ ಯುನಿಕ್ಸ್‌ಗೆ ಸೇರಿಸಿದ ಅನುಕೂಲವಿದು. ವಿಂಡೋಸ್‌ನಲ್ಲಿ ಬರೆದ ಫೈಲನ್ನು ಲಿನಕ್ಸ್‌ಗೆ ತಂದಾಗ ಆ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಉಳಿದಿರುತ್ತದೆ. ವಿಂಡೋಸ್ ಸಾಲು ಮುಗಿಸಲು ಎರಡು ಸಂಕೇತ ಬಳಸುತ್ತದೆ, ಲಿನಕ್ಸ್ ಒಂದನ್ನೇ. ಆಗ ಲಿನಕ್ಸ್ ಆ ಹೆಚ್ಚುವರಿ ಅಕ್ಷರವನ್ನೂ ಹೆಸರಿಗೆ ಸೇರಿಸಿ ಹುಡುಕಿ, ಇಲ್ಲ ಎನ್ನುತ್ತದೆ. ಸ್ಕ್ರಿಪ್ಟ್ ಕಣ್ಣೆದುರೇ ಇದೆ, ಇಲ್ಲದಿರುವುದು ಅದನ್ನು ನಡೆಸಬೇಕಾದ ಪ್ರೋಗ್ರಾಂ.

ಇನ್ನೊಂದು ಸಾಮಾನ್ಯ ಪ್ರಶ್ನೆ: ನಾನಿರುವ ಡೈರೆಕ್ಟರಿಯಲ್ಲೇ ಇರುವ ಪ್ರೋಗ್ರಾಂಗೆ ಮೊದಲು ಚುಕ್ಕಿ, ಸ್ಲ್ಯಾಶ್ ಏಕೆ ಹಾಕಬೇಕು? ಹೆಸರಿನಲ್ಲಿ ಸ್ಲ್ಯಾಶ್ ಇದ್ದರೆ ಶೆಲ್ ಪಟ್ಟಿಯನ್ನು ಮುಟ್ಟದೆ ನೇರವಾಗಿ ಆ ವಿಳಾಸಕ್ಕೆ ಹೋಗುತ್ತದೆ. 1979ರ ಬೋರ್ನ್ ಶೆಲ್‌ನಲ್ಲಿ ನಾವಿರುವ ಡೈರೆಕ್ಟರಿಯೇ ಪಟ್ಟಿಯ ಮೊದಲ ಜಾಗವಾಗಿತ್ತು. ಅದರ ಅಪಾಯ ಬೇಗ ತಿಳಿಯಿತು. ಎಲ್ಲರೂ ಬಳಸುವ ಯಂತ್ರದಲ್ಲಿ ಕಿಡಿಗೇಡಿಯೊಬ್ಬ ಫೈಲ್‌ಪಟ್ಟಿ ತೋರಿಸುವ ‘ಎಲ್‌ಎಸ್’ ಹೆಸರಿನಲ್ಲೇ ಕೆಟ್ಟ ಪ್ರೋಗ್ರಾಂ ಒಂದನ್ನು ತನ್ನ ಡೈರೆಕ್ಟರಿಯಲ್ಲಿ ಇಟ್ಟರೆ, ಅಲ್ಲಿಗೆ ಬಂದು ‘ಎಲ್‌ಎಸ್’ ಎಂದವರೆಲ್ಲ ಅದನ್ನೇ ಓಡಿಸುತ್ತಾರೆ. ಹಾಗಾಗಿ ಇಂದಿನ ಲಿನಕ್ಸ್, ಮ್ಯಾಕ್ ಹಾಗೂ ಪವರ್‌ಶೆಲ್ ಇರುವ ಜಾಗವನ್ನು ತಾವಾಗಿ ನೋಡುವುದಿಲ್ಲ. ಪಾತ್‌ಗೆ ಚುಕ್ಕಿ ಸೇರಿಸಿಬಿಡಿ ಎಂಬ ಸಲಹೆ ಸಿಕ್ಕರೆ ಒಪ್ಪಬೇಡಿ.

ಪ್ರಾಜೆಕ್ಟಿಗೊಂದು ಪಟ್ಟಿ

ಪಾತ್ ಅರ್ಥವಾದವರಿಗೆ ಮುಂದಿನ ಎಷ್ಟೋ ವಿಷಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ನೋಡಿ. ಹೆಸರು ಭಾರವಾಗಿದೆ. ಅದನ್ನು ‘ಆಕ್ಟಿವೇಟ್’ ಮಾಡಿದಾಗ ಆಗುವ ಮುಖ್ಯ ಕೆಲಸ, ಪ್ರಾಜೆಕ್ಟಿನ ಒಳಗಿರುವ ಒಂದು ಡೈರೆಕ್ಟರಿಯನ್ನು ಪಾತ್‌ನ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ತಂದಿಡುವುದು. ಮೊದಲು ಸಿಕ್ಕದ್ದೇ ಓಡುವುದರಿಂದ ಈಗ ‘ಪೈಥಾನ್’ ಎಂದರೆ ಪ್ರಾಜೆಕ್ಟಿನ ಪೈಥಾನ್. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಪ್ರಪಂಚದಲ್ಲಿ ಪ್ರಾಜೆಕ್ಟಿಗೆ ಹಾಕಿದ ಉಪಕರಣಗಳು ‘ನೋಡ್ ಮಾಡ್ಯೂಲ್ಸ್’ ಒಳಗಿನ ಅಡಗಿದ ‘ಬಿನ್’ನಲ್ಲಿ ಇರುತ್ತವೆ. ಅವು ಪಾತ್‌ನಲ್ಲಿ ಇಲ್ಲ. ‘ಎನ್‌ಪಿಎಕ್ಸ್’ ಅಲ್ಲಿಂದ ಹುಡುಕಿ ಓಡಿಸುತ್ತದೆ. ಇದು ತಿಳಿದ ಮೇಲೆ ಇಡೀ ಯಂತ್ರಕ್ಕೆಂದು ಒಂದೇ ಆವೃತ್ತಿ ಹಾಕಿ ಎಲ್ಲ ಪ್ರಾಜೆಕ್ಟುಗಳೂ ಅದರ ಮೇಲೆ ಜಗಳವಾಡುವ ಅಗತ್ಯ ಉಳಿಯುವುದಿಲ್ಲ.

ಹೊಸ ಉಪಕರಣ ಹುಡುಕಿಕೊಳ್ಳುವಾಗಲೂ ಒಂದು ಶಿಸ್ತು ಬೇಕು. ಉಬುಂಟು, ಡೆಬಿಯನ್‌ನಲ್ಲಿ ‘ಆಪ್ಟ್’, ಫೆಡೋರಾದಲ್ಲಿ ‘ಡಿಎನ್‌ಎಫ್’, ಮ್ಯಾಕ್‌ನಲ್ಲಿ ಹೋಮ್‌ಬ್ರೂ, ವಿಂಡೋಸ್‌ನಲ್ಲಿ ‘ವಿನ್‌ಗೆಟ್’ ಇವುಗಳಲ್ಲಿ ಮೊದಲು ಹುಡುಕಬೇಕು. ಎಲ್ಲಿಂದ ಬಂತು, ಯಾವ ಆವೃತ್ತಿ, ಹೇಗೆ ತೆಗೆಯಬೇಕು ಎಂಬ ಲೆಕ್ಕವನ್ನು ಅವು ಇಟ್ಟುಕೊಳ್ಳುತ್ತವೆ. ಉಬುಂಟುವಿನಲ್ಲಿ ಇಲ್ಲದ ಕಮಾಂಡ್ ಬರೆದರೆ ಅದು ಯಾವ ಪ್ಯಾಕೇಜ್‌ನಲ್ಲಿದೆ ಎಂದು ಯಂತ್ರವೇ ಸೂಚಿಸುತ್ತದೆ. ಆ ಸಾಲನ್ನು ಓದದೆ ಇಂಟರ್‌ನೆಟ್‌ಗೆ ಓಡುವವರೇ ಹೆಚ್ಚು. ಎಲ್ಲಿಂದಲೋ ಒಂದು ಸ್ಕ್ರಿಪ್ಟ್ ಇಳಿಸಿ ನೇರ ಶೆಲ್‌ಗೆ ಸುರಿಯುವ ಸಾಲನ್ನು ನಕಲು ಮಾಡಿ ಅಂಟಿಸುವ ಮೊದಲು ಆ ಸ್ಕ್ರಿಪ್ಟನ್ನು ತೆರೆದು ಓದಬೇಕು. ಮುಂದೆ ‘ಸುಡೊ’ ಎಂದಿದ್ದರಂತೂ ಎರಡು ಸಲ ಓದಬೇಕು. ಆ ಒಂದು ಪದ ಇಡೀ ಯಂತ್ರದ ಕೀಲಿಕೈಯನ್ನು ಅಪರಿಚಿತರಿಗೆ ಕೊಡುತ್ತದೆ.

ಉಪಕರಣ ಬಂದ ಮೇಲೆ ಅದರ ಬಳಕೆ ತಿಳಿಯಲು ಹೆಸರಿನ ಮುಂದೆ ಎರಡು ಅಡ್ಡಗೆರೆ, ‘ಹೆಲ್ಪ್’ ಎಂದು ಕೊಡಬೇಕು. ಯುನಿಕ್ಸ್ ಕುಟುಂಬದಲ್ಲಿ ‘ಮ್ಯಾನ್’ ಎಂಬ ಕೈಪಿಡಿಯೂ ಯಂತ್ರದೊಳಗೇ ಇದೆ. ಆ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ತಾರೀಕು 1971ರ ನವೆಂಬರ್ 3. ಇಂಟರ್‌ನೆಟ್ ಇಲ್ಲದ ಊರಲ್ಲೂ ಅದು ತೆರೆಯುತ್ತದೆ.

ಕನ್ನಡದ ಮಕ್ಕಳಿಗಾಗಿ

ಕನ್ನಡಿಗರು ಎದುರಿಸುವ ಎರಡು ಪ್ರತ್ಯೇಕ ತೊಡಕುಗಳನ್ನೂ ಹೇಳಬೇಕು. ಕನ್ನಡದಲ್ಲಿ ಫೈಲಿಗೆ ಹೆಸರಿಡುವುದಕ್ಕೆ ಇಂದಿನ ಯಂತ್ರಗಳಲ್ಲಿ ಅಡ್ಡಿಯಿಲ್ಲ. ಕೆನ್ ಥಾಂಪ್ಸನ್ ಅವರೇ ರಾಬ್ ಪೈಕ್ ಜೊತೆ 1992ರಲ್ಲಿ ರೂಪಿಸಿದ ಯುಟಿಎಫ್-8 ಸಂಕೇತ ಕನ್ನಡವನ್ನೂ ಹೊರುತ್ತದೆ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಅಂದರೆ 85 ಕನ್ನಡ ಸಂಕೇತಗಳು. ಒತ್ತಕ್ಷರ, ಸ್ವರಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ಟರ್ಮಿನಲ್ ಎಂಬುದು ಚೌಕದ ಹಾಳೆಯಂತೆ ಒಂದೇ ಅಗಲದ ಮನೆಗಳಲ್ಲಿ ಅಕ್ಷರ ಕೂರಿಸುವ ವ್ಯವಸ್ಥೆ. ಹಲವು ಟರ್ಮಿನಲ್‌ಗಳಲ್ಲಿ ನಮ್ಮ ಒತ್ತುಗಳು ಕಳಚಿಕೊಂಡು ಪಕ್ಕಕ್ಕೆ ಬೀಳುತ್ತವೆ. ಫೈಲ್ ಸರಿಯಾಗಿಯೇ ಇರುತ್ತದೆ, ಕಾಣುವ ರೂಪ ಮಾತ್ರ ಕೆಟ್ಟಿರುತ್ತದೆ. ಇದನ್ನು ಸರಿಪಡಿಸುವ ಕೆಲಸಕ್ಕೆ ಕನ್ನಡ ಬಲ್ಲ ಪ್ರೋಗ್ರಾಮರ್‌ಗಳು ಕೈಹಾಕಬೇಕು. ನಮ್ಮ ಅಕ್ಷರಗಳ ನೋವು ನಮಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು.

ಎರಡನೆಯ ತೊಡಕು ಇನ್ನೂ ಆಳದ್ದು. ದೋಷದ ಸಾಲುಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಿಂದ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಸೇರಿದ ಮಕ್ಕಳು ಆ ಸಾಲನ್ನು ಬೈಗುಳದಂತೆ ನೋಡಿ ಕಣ್ಣು ತಿರುಗಿಸುತ್ತಾರೆ. ಅದರಲ್ಲಿರುವುದು ಮಾಹಿತಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ. ಲ್ಯಾಬ್‌ನಲ್ಲಿ ಎಲ್ಲವನ್ನೂ ಮೊದಲೇ ಹಾಕಿಟ್ಟ ಕಂಪ್ಯೂಟರ್ ಮುಂದೆ ಕೂರಿಸಿ ಪ್ರೋಗ್ರಾಂ ಬರೆಸಿದರೆ ಪರೀಕ್ಷೆ ಪಾಸಾಗಬಹುದು. ಮನೆಗೆ ಹೋಗಿ ಸ್ವಂತ ಲ್ಯಾಪ್‌ಟಾಪ್ ತೆರೆದಾಗ ಅವರು ಒಂಟಿಯಾಗುತ್ತಾರೆ.

ಆದ್ದರಿಂದ ಬೋಧಕರಲ್ಲಿ ನನ್ನ ಬೇಡಿಕೆ ಇಷ್ಟು. ಮೊದಲ ಲ್ಯಾಬ್ ತರಗತಿಯಲ್ಲಿ ‘ಹಲೋ ವರ್ಲ್ಡ್’ಗೂ ಮುಂಚೆ ಈ ದೋಷವನ್ನು ಬೇಕೆಂದೇ ಬರಿಸಿ. ಪಾತ್‌ನಿಂದ ಒಂದು ಡೈರೆಕ್ಟರಿ ತೆಗೆಯಿರಿ, ಕಮಾಂಡ್ ಸಿಗದಂತೆ ಮಾಡಿ. ಮಕ್ಕಳು ಪಟ್ಟಿಯನ್ನು ತಾವೇ ಓದಲಿ, ಫೈಲ್ ಎಲ್ಲಿದೆ ಎಂದು ತಾವೇ ಪತ್ತೆ ಮಾಡಲಿ, ಪಟ್ಟಿಗೆ ತಾವೇ ಸೇರಿಸಲಿ, ಹೊಸ ಕಿಟಕಿ ತೆರೆದು ಓಡಿಸಲಿ. ಇದನ್ನು ಕನ್ನಡದಲ್ಲೇ ವಿವರಿಸಿ. ಕಮಾಂಡ್‌ಗಳು ಇಂಗ್ಲಿಷಿನಲ್ಲಿದ್ದರೆ ಇರಲಿ, ಕಾರಣ ಕನ್ನಡದಲ್ಲಿ ತಿಳಿದರೆ ಸಾಕು. ಒಂದು ಗಂಟೆಯ ಈ ಪಾಠದಿಂದ ವಿದ್ಯಾರ್ಥಿಗೆ ಯಂತ್ರದ ಭಯ ಹೋಗುತ್ತದೆ. ಮುಂದೆ ಯಾವ ಹೊಸ ಭಾಷೆ, ಯಾವ ಹೊಸ ಉಪಕರಣ ಬಂದರೂ ಅವರು ಮೊದಲು ಕೇಳುವ ಪ್ರಶ್ನೆ ‘ಇದು ಎಲ್ಲಿದೆ, ಶೆಲ್ ಎಲ್ಲಿ ಹುಡುಕುತ್ತಿದೆ’ ಎಂಬುದೇ ಆಗಿರುತ್ತದೆ. ಹಾಗೆ ಕೇಳಲು ಕಲಿತವರು ಉತ್ತರಕ್ಕಾಗಿ ಬೇರೆಯವರ ಬಾಗಿಲು ಕಾಯಬೇಕಾಗಿಲ್ಲ.